ಯಂತ್ರ ತರುವ ಮೊದಲು ನೀರಿನ ದಾರಿ: ಹುಬ್ಬಳ್ಳಿಯ ಒಂದು ಮನೆಯ ನಳದ ಕೆಲಸದ ದಾಖಲೆ

ಹುಬ್ಬಳ್ಳಿಯಲ್ಲಿರುವ ನಮ್ಮ ಅಕ್ಕನ ಮನೆಗೆ ಬಟ್ಟೆ ಒಗೆಯುವ ಯಂತ್ರ, ಬಚ್ಚಲಿಗೆ 15 ಲೀಟರಿನ ಗೀಸರ್ ಮತ್ತು ಅಡುಗೆಮನೆಗೆ ಕುಡಿಯುವ ನೀರಿನ ಫಿಲ್ಟರ್, ಈ ಮೂರನ್ನೂ ಒಟ್ಟಿಗೇ ಕೂಡ್ರಿಸುವುದೆಂದು ನಿಶ್ಚಯವಾದಾಗ, ಯಂತ್ರಗಳು ಮನೆಗೆ ಬರುವ ಮೊದಲೇ ನಳದ ಕೆಲಸವನ್ನು ಪೂರ್ತಿಯಾಗಿ ಮುಗಿಸಿ ಪರೀಕ್ಷಿಸಬೇಕೆಂದು ನಾನು ಪಟ್ಟು ಹಿಡಿದೆ. ಅಂಗಡಿಯಿಂದ ಬರುವ ಜೋಡಣೆಯ ಹುಡುಗ ಪೈಪು ಸಿಕ್ಕಿಸಿ, ಸ್ವಿಚ್ ಒತ್ತಿ ತೋರಿಸಿ, ಕಾಗದದ ಮೇಲೆ ಸಹಿ ತೆಗೆದುಕೊಂಡು ಹೋಗುತ್ತಾನೆ. ಗೋಡೆಯೊಳಗಿನ ಪೈಪು, ಫರಶಿಯ ಕೆಳಗಿನ ಹರಿವು, ಮಾಳಿಗೆಯ ಮೇಲಿನ ಟಾಕಿ ಇವು ಯಾವುವೂ ಅವನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಹೊಸ ಯಂತ್ರದ ಹೆಸರಿನಲ್ಲಿ ನಾವು ಅನುಭವಿಸುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಯೇ.

ನಮಗೆ ಸಿಕ್ಕ ಪ್ಲಂಬರ್ ವಯಸ್ಸಾದವರು, ಮಾತು ಕಡಿಮೆ. ಯಂತ್ರ ಇಡುವ ಜಾಗ ತೋರಿಸಿ, ನೀರಿನ ಪಾಯಿಂಟ್ ಎಲ್ಲಿ ತೆಗೆಯೋಣ ಎಂದು ಕೇಳಿದಾಗ ಅವರು ಮೊದಲು ಹಿತ್ತಲಿಗೆ ಹೋಗಿ, ಮನೆಯ ಹೊಲಸು ನೀರಿನ ಪೈಪು ಸೇರುವ ಗುಂಡಿಯಾದ ಚೇಂಬರಿನ ಮುಚ್ಚಳ ಎತ್ತಿ ನೋಡಿದರು. "ನೀರು ಬರೂದು ಎಲ್ಲಾರೂ ನೋಡ್ತಾರ್ರಿ ಸರ, ಹೋಗೂದು ಯಾರೂ ನೋಡೂದಿಲ್ರಿ" ಎಂದರು. ಇಡೀ ಕೆಲಸದ ಕ್ರಮ ಅಲ್ಲಿಗೇ ತೀರ್ಮಾನವಾಯಿತು: ಮೊದಲು ಹೊರಹೋಗುವ ದಾರಿ, ಆಮೇಲೆ ಒಳಬರುವ ದಾರಿ, ಕೊನೆಗೆ ಯಂತ್ರ. ಈ ಕ್ರಮವನ್ನು ಯಾರೇ ಮನೆ ಕೆಲಸಕ್ಕೆ ಕೈಹಾಕಿದರೂ ಪಾಲಿಸಬೇಕೆಂದು ನಾನು ಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ಒಳಬರುವ ಪೈಪು ಸೋರಿದರೆ ಚಾವಿ (ವಾಲ್ವ್) ತಿರುಗಿಸಿ ನಿಲ್ಲಿಸಬಹುದು, ಹೊರಹೋಗುವ ಪೈಪು ಕಟ್ಟಿಕೊಂಡರೆ ಯಂತ್ರ ಎತ್ತಿ, ಫರಶಿ ಒಡೆದು ನೋಡದೆ ಬೇರೆ ದಾರಿಯಿಲ್ಲ.

ಒಗೆಯುವ ಯಂತ್ರದ ಪಂಪು ನಿಮಿಷಕ್ಕೆ ಹದಿನೈದು ಇಪ್ಪತ್ತು ಲೀಟರಿನಷ್ಟು ನೀರನ್ನು ಒಮ್ಮೆಲೇ ಹೊರಗೆ ದೂಡುತ್ತದೆ. ಕೈಯಲ್ಲಿ ಬಟ್ಟೆ ಒಗೆದು ಸುರಿಯುವ ನೀರು ನಿಧಾನವಾಗಿ ಹರಿಯುವುದರಿಂದ ಹಳೆಯ ಪೈಪು ಅದನ್ನು ಹೇಗೋ ತಾಳಿಕೊಂಡಿರುತ್ತದೆ. ಆದ್ದರಿಂದ ದೊಡ್ಡ ಬಕೆಟ್ ತುಂಬ ನೀರನ್ನು ಯಂತ್ರದ ಜಾಗದಲ್ಲಿದ್ದ ಜಾಲಿಯೊಳಗೆ ಒಂದು ನಿಮಿಷದೊಳಗೆ ಖಾಲಿಯಾಗುವಂತೆ ಸುರಿದು ನೋಡಿದೆವು. ಅರ್ಧ ಬಕೆಟ್ ಹೋಗುವಷ್ಟರಲ್ಲಿ ಪಕ್ಕದ ಬಚ್ಚಲಿನ ನಹಾನಿ ಟ್ರ್ಯಾಪಿನಿಂದ (ನೆಲದ ಜಾಲಿಯ ಕೆಳಗೆ ನೀರು ನಿಲ್ಲುವ ಬಾಗು) ಸಾಬೂನಿನ ನೊರೆ ಮೇಲಕ್ಕೆ ಉಕ್ಕಿತು. ನೋಡಿದರೆ ಜಾಲಿಯಲ್ಲಿ ಕಸವೇನೂ ಇರಲಿಲ್ಲ. ತೊಂದರೆ ಪೈಪಿನಲ್ಲಿ ಇನ್ನೂ ಮುಂದೆ ಎಲ್ಲೋ ಇತ್ತು.

ಹೊರಗೋಡೆಯಿಂದ ಹಿತ್ತಲಿನ ಚೇಂಬರಿನವರೆಗಿನ ಪೈಪನ್ನು ಅಗೆದು ನೋಡಿದಾಗ ಕಾರಣ ಕಂಡಿತು. ಮನೆ ನಿಂತಿರುವುದು ಎರೆಮಣ್ಣಿನ ಮೇಲೆ. ಹುಬ್ಬಳ್ಳಿ, ಗದಗ, ನವಲಗುಂದದ ಕಡೆ ಮನೆ ಕಟ್ಟಿದವರಿಗೆಲ್ಲ ಈ ಮಣ್ಣಿನ ಗುಣ ಗೊತ್ತು: ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಗೋಡೆ ಬುನಾದಿಯ ಮೇಲೆ ಗಟ್ಟಿಯಾಗಿ ನಿಂತಿರುವಾಗ ಅದರೊಳಗಿಂದ ಹಾಯ್ದು ಹೋದ ಪೈಪು ಮಾತ್ರ ಮಣ್ಣಿನೊಂದಿಗೆ ಏಳುತ್ತ ಇಳಿಯುತ್ತ ಇರುತ್ತದೆ. ನಮ್ಮಲ್ಲಿ ಗೋಡೆಯಿಂದ ಒಂದೂವರೆ ಅಡಿಯ ಆಚೆ ಪೈಪು ಜೋತುಬಿದ್ದು ಹೊಟ್ಟೆ ಮಾಡಿಕೊಂಡಿತ್ತು. ಆ ಹೊಟ್ಟೆಯಲ್ಲಿ ಸಾಬೂನಿನ ಜಿಡ್ಡು, ಕೂದಲು, ಬೋರ್ ನೀರಿನ ಸುಣ್ಣ ಸೇರಿ ಬೂದು ಬಣ್ಣದ ಗಟ್ಟಿ ಪದರ ಕಟ್ಟಿದ್ದು, ಕತ್ತರಿಸಿ ನೋಡಿದ ತುಂಡಿನಲ್ಲಿ ನೀರು ಹೋಗಲು ಉಳಿದಿದ್ದ ತೂತಿನೊಳಗೆ ಹೆಬ್ಬೆರಳು ಕೂಡ ಸಲೀಸಾಗಿ ಹೋಗುತ್ತಿರಲಿಲ್ಲ.

ಹಳೆಯ ಪೈಪನ್ನು ಕಿತ್ತು 75 ಮಿಲಿಮೀಟರಿನ ಹೊಸ ಪೈಪು ಹಾಕಿದೆವು. ಕಾಲುವೆಯಲ್ಲಿದ್ದ ಎರೆಮಣ್ಣನ್ನು ಪೂರ್ತಿ ತೆಗೆದು, ಕೆಳಗೆ ಗರಸು ಹಾಕಿ ಕುಟ್ಟಿ, ಅದರ ಮೇಲೆ ಮರಳಿನ ಹಾಸಿಗೆ ಮಾಡಿ, ಪೈಪಿನ ಎರಡೂ ಬದಿಗೆ ಮತ್ತೆ ಮರಳು ತುಂಬಲಾಯಿತು. ತೆಗೆದ ಎರೆಮಣ್ಣನ್ನೇ ಮತ್ತೆ ತುಂಬಿದರೆ ಎರಡು ಬೇಸಿಗೆಯಲ್ಲಿ ಮೊದಲಿನ ಪಾಡೇ ಆಗುತ್ತದೆ. ಇಳಿಜಾರನ್ನು 40ಕ್ಕೆ 1ರಂತೆ ಹಿಡಿದೆವು, ಅಂದರೆ ನಾಲ್ಕು ಮೀಟರಿನ ಉದ್ದಕ್ಕೆ 10 ಸೆಂಟಿಮೀಟರ್ ಇಳಿತ. ಗೌಂಡಿ ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು ಎರಡೂ ತುದಿಯ ಮಟ್ಟ ನೋಡಿದ. ಪೈಪು ಗೋಡೆಯನ್ನು ಹಾಯುವಲ್ಲಿ ಅದಕ್ಕಿಂತ ದೊಡ್ಡ ಅಳತೆಯ ಪೈಪಿನ ತುಂಡನ್ನು ಗೋಡೆಯೊಳಗೆ ಕೂಡ್ರಿಸಿ, ಅದರೊಳಗಿಂದ ಈ ಪೈಪನ್ನು ತೂರಿಸಿ, ನಡುವಿನ ಸಂದಿಗೆ ಸಿಮೆಂಟ್ ಬದಲು ಮೆತ್ತನೆಯ ಸೀಲಂಟ್ ತುಂಬಲಾಯಿತು. ಮಣ್ಣು ಸ್ವಲ್ಪ ಅಲುಗಾಡಿದರೂ ಪೈಪು ಗೋಡೆಯ ಅಂಚಿಗೆ ಸಿಕ್ಕು ಮುರಿಯಬಾರದೆಂಬುದು ಇದರ ಉದ್ದೇಶ.

ಯಂತ್ರದ ಹೊರಪೈಪನ್ನು ನೆಲದ ಜಾಲಿಯ ಮೇಲೆ ಸುಮ್ಮನೆ ಬಿಡುವ ರೂಢಿ ನಮ್ಮಲ್ಲಿ ಬಹಳ. ಮುಂಭಾಗದಲ್ಲಿ ಬಾಗಿಲಿರುವ (ಫ್ರಂಟ್ ಲೋಡ್) ಯಂತ್ರಕ್ಕೆ ಇದು ಸರಿಯಾದ ಕ್ರಮವಲ್ಲ. ಪೈಪಿನ ತುದಿ ಡ್ರಮ್ಮಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಪಂಪು ಒಮ್ಮೆ ನೀರು ಎಳೆದ ಮೇಲೆ ಆ ಹರಿವು ತಾನಾಗಿಯೇ ಮುಂದುವರಿದು, ಯಂತ್ರ ತುಂಬಿಸಿಕೊಂಡ ನೀರೂ ಹೊರಗೆ ಹೋಗುತ್ತದೆ. ನೀರು ಸಾಲದೆಂದು ಯಂತ್ರ ಮತ್ತೆ ತುಂಬಿಸಿಕೊಳ್ಳುತ್ತದೆ, ಅದೂ ಹರಿದು ಹೋಗುತ್ತದೆ. ಒಗೆತ ಮುಗಿಯುವುದೇ ಇಲ್ಲ, ಮಾಳಿಗೆಯ ಟಾಕಿ ಖಾಲಿ. ಇಂತಹ ಯಂತ್ರಗಳ ಕೈಪಿಡಿಗಳು ಹೊರಪೈಪಿನ ತುದಿ ನೆಲದಿಂದ ಸಾಮಾನ್ಯವಾಗಿ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕೆಂದು ಸೂಚಿಸುವುದು ಇದಕ್ಕಾಗಿಯೇ. ನಾವು 50 ಮಿಲಿಮೀಟರಿನ ಪೈಪೊಂದನ್ನು ಗೋಡೆಗೆ ಹೊಂದಿಸಿ ನೇರವಾಗಿ ನಿಲ್ಲಿಸಿ, ಅದರ ಬಾಯಿಯನ್ನು 75 ಸೆಂಟಿಮೀಟರಿಗೆ ಬಿಟ್ಟು, ಯಂತ್ರದ ಪೈಪನ್ನು ಒಂದು ಗೇಣಿಗಿಂತ ಕಡಿಮೆ ಒಳಗಿಳಿಸಿ ಕ್ಲಿಪ್ ಹಾಕಿದೆವು. ಬಾಯಿಯ ಸುತ್ತ ಬಟ್ಟೆ ತುರುಕುವುದಾಗಲಿ ಟೇಪು ಸುತ್ತುವುದಾಗಲಿ ಕೂಡದು. ಅಲ್ಲಿ ಗಾಳಿ ಆಡಿದರೆ ಮಾತ್ರ ಮೇಲೆ ಹೇಳಿದ ಎಳೆತ ತಪ್ಪುತ್ತದೆ, ಗಟಾರದ ನೀರು ಎಂದಾದರೂ ಹಿಮ್ಮೆಟ್ಟಿದರೆ ಯಂತ್ರದೊಳಗೆ ಹೋಗದೆ ಹೊರಗೆ ಬೀಳುತ್ತದೆ. ಈ ನಿಂತ ಪೈಪಿನ ಬುಡದಲ್ಲಿ 50 ಮಿಲಿಮೀಟರ್ ನೀರು ಸದಾ ನಿಲ್ಲುವ ಟ್ರ್ಯಾಪ್ ಇದೆ. ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಆ ನೀರೇ. ಊರಿಗೆ ಹೋಗಿ ಬಹಳ ದಿನ ಯಂತ್ರ ನಿಂತಿದ್ದರೆ ಅದು ಆರಿ ಹೋಗುವುದರಿಂದ, ಬಂದ ಕೂಡಲೇ ಒಂದು ಚೊಂಬು ನೀರು ಹಾಕಲು ಅಕ್ಕನಿಗೆ ಹೇಳಿದ್ದೇನೆ.

ಹೊಸ ಪೈಪಿಗೆ ಮತ್ತೆ ಬಕೆಟ್ ನೀರು ಸುರಿದು, ಬಚ್ಚಲಿನ ಟ್ರ್ಯಾಪ್ ಅಲುಗಾಡದೆ ನಿಂತಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಒಳಬರುವ ನೀರಿನ ಕಡೆ ತಿರುಗಿದೆವು.

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಸವದತ್ತಿ ಬಳಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಬರುತ್ತದೆ. 2008ರಲ್ಲಿ ಪ್ರಾಯೋಗಿಕವಾಗಿ 24 ತಾಸಿನ ಪೂರೈಕೆ ಆರಂಭವಾದ ಬಡಾವಣೆಗಳಲ್ಲಿ ನಳ ತಿರುಗಿಸಿದಾಗ ನೀರು ಇರುತ್ತದೆ. ಅಕ್ಕನ ಓಣಿಯಲ್ಲಿ ನಡುವೆ ಕೆಲವು ದಿನ ಬಿಟ್ಟು ಬರುತ್ತದೆ, ಆದ್ದರಿಂದ ನೀರು ಸಂಪಿಗೆ ಬಿದ್ದು, ಮೋಟರಿನಿಂದ ಮಾಳಿಗೆಯ ಟಾಕಿಗೆ ಏರಿ, ಅಲ್ಲಿಂದ ತನ್ನ ಭಾರಕ್ಕೆ ಇಳಿಯುತ್ತದೆ. ಈ ವ್ಯತ್ಯಾಸವನ್ನು ಯಂತ್ರ ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು. ಸುಮಾರು 10.2 ಮೀಟರ್ ಎತ್ತರದ ನೀರು 1 ಬಾರ್ ಒತ್ತಡ ಕೊಡುತ್ತದೆ. ನಮ್ಮ ಟಾಕಿಯ ತಳ ನೆಲದಿಂದ 3.5 ಮೀಟರ್ ಎತ್ತರದಲ್ಲಿತ್ತು, ಯಂತ್ರದ ನಳದ ಎತ್ತರ 0.9 ಮೀಟರ್. ಉಳಿದ 2.6 ಮೀಟರಿಗೆ ಸಿಗುವುದು ಕೇವಲ 0.25 ಬಾರ್. ನಾವು ಆರಿಸಿದ ಮಾದರಿಯ ಕೈಪಿಡಿ ಕನಿಷ್ಠ 0.3 ಬಾರ್ ಕೇಳುತ್ತಿತ್ತು. ಯಂತ್ರದೊಳಗಿನ ವಿದ್ಯುತ್ ಚಾವಿಯ ರಬ್ಬರ್ ಪರದೆ ತೆರೆದು ಮುಚ್ಚಲು ನೀರಿನ ಒತ್ತಡವೇ ಬೇಕಾದ್ದರಿಂದ, ಟಾಕಿಯಲ್ಲಿ ನೀರು ಕಡಿಮೆಯಾದ ದಿನ ಯಂತ್ರ ನೀರಿಲ್ಲವೆಂದು ದೀಪ ಮಿನುಗಿಸಿ ನಿಂತುಬಿಡುತ್ತದೆ.

ದಪ್ಪ ಪೈಪು ಹಾಕಿದರೆ ಒತ್ತಡ ಹೆಚ್ಚುತ್ತದೆಂಬ ಮಾತು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿಬಂತು. ಅದು ನಿಜವಲ್ಲ. ದಪ್ಪ ಪೈಪಿನಲ್ಲಿ ಹರಿಯುವಾಗ ಆಗುವ ನಷ್ಟ ಕಡಿಮೆಯಾಗುತ್ತದೆ, ನಿಂತ ನೀರಿನ ಒತ್ತಡ ಎತ್ತರದಿಂದ ಮಾತ್ರ ಬರುತ್ತದೆ. ಒತ್ತಡದ ಪಂಪು ಕೂಡ್ರಿಸುವ ಸಲಹೆಯೂ ಇತ್ತು. ಅದಕ್ಕೆ ಕರೆಂಟ್ ಬೇಕು, ಸದ್ದು ಇರುತ್ತದೆ, ಮನೆಯ ಹಳೆಯ ಕೀಲುಗಳೆಲ್ಲ ಹೊಸ ಒತ್ತಡಕ್ಕೆ ಒಳಗಾಗುತ್ತವೆ. ಆದ್ದರಿಂದ ಟಾಕಿಯನ್ನೇ ಮೂರಡಿ ಎತ್ತರಿಸಿದೆವು. ಸಾವಿರ ಲೀಟರಿನ ಟಾಕಿ ತುಂಬಿದಾಗ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ, ಅದನ್ನು ಸ್ಲ್ಯಾಬಿನ ನಡುಮಧ್ಯೆ ನಾಲ್ಕು ಇಟ್ಟಿಗೆಯ ಮೇಲೆ ಏರಿಸುವುದು ಅಪಾಯ. ಕೆಳಗೆ ಗೋಡೆಗಳು ಕೂಡುವ ಮೂಲೆಯನ್ನು ಗುರುತಿಸಿ, ಆ ಗೋಡೆಗಳ ನೇರಕ್ಕೇ ಕಟ್ಟೆ ಕಟ್ಟಿಸಿ, ಟಾಕಿಯ ತಳ ಪೂರ್ತಿ ಕೂಡುವಂತೆ ಮೇಲೆ ಸಪಾಟಾದ ಕಡಪಾ ಕಲ್ಲು ಹಾಸಲಾಯಿತು. ಈಗ ತಳದಲ್ಲಿ ನೀರಿದ್ದರೂ 0.34 ಬಾರ್ ಸಿಗುತ್ತದೆ, ಯಂತ್ರಕ್ಕೆ ಮಾತ್ರ ಮೀಸಲಾದ ಬೇರೆ ಪೈಪು ಟಾಕಿಯಿಂದಲೇ ಇಳಿದು ಬರುವುದರಿಂದ ಬಚ್ಚಲಿನಲ್ಲಿ ಯಾರಾದರೂ ನಳ ಬಿಟ್ಟರೆ ಒತ್ತಡ ಬೀಳುವುದಿಲ್ಲ.

ಬೋರ್ ನೀರಿನ ಟಾಕಿ ಬೇರೆ ಇದೆ. ನಳದ ನೀರು ತಡವಾದಾಗ ಬೋರ್ ನೀರನ್ನು ಯಂತ್ರಕ್ಕೆ ತಿರುಗಿಸಿಕೊಳ್ಳಲು ಎರಡೂ ಪೈಪುಗಳ ನಡುವೆ ಒಂದು ಚಾವಿ ಇರಲೆಂದು ಭಾವ ಬಯಸಿದರು. ಒಂದು ಚಾವಿ ಸವೆದರೆ ಸವಳು ನೀರು ಕುಡಿಯುವ ನೀರಿನ ಪೈಪಿಗೆ ಬರುವ ದಾರಿ ಅದು. ಅದರ ಬದಲು ಬೋರ್ ಪೈಪಿನ ತುದಿಯನ್ನು ನಳದ ನೀರಿನ ಟಾಕಿಯ ಬಾಯಿಯ ಮೇಲೆ, ನೀರಿನ ಮಟ್ಟಕ್ಕೆ ತಾಗದಂತೆ ತಂದು ನಿಲ್ಲಿಸಿದೆವು. ಅಗತ್ಯ ಬಿದ್ದಾಗ ಮೇಲಿನಿಂದ ಬೀಳುತ್ತದೆ, ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಹಾಗೆ ಬೋರ್ ನೀರು ಬಿಟ್ಟ ದಿನಗಳಲ್ಲಿ ಕುಡಿಯುವ ನೀರನ್ನು ಮೊದಲೇ ತುಂಬಿ ಇಟ್ಟುಕೊಳ್ಳುವುದೆಂದು ಮನೆಯಲ್ಲಿ ಒಪ್ಪಿಗೆಯಾಗಿದೆ.

ಬಿಸಿನೀರಿನ ಪೈಪಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತಣ್ಣೀರಿಗೆ ಬಳಸುವ ಬಿಳಿ ಅಥವಾ ಬೂದು ಬಣ್ಣದ ಯುಪಿವಿಸಿ ಎಂಬ ಪ್ಲಾಸ್ಟಿಕ್ ಪೈಪನ್ನು ಗೀಸರಿಗೆ ಬಳಸಲೇಬಾರದು. ಅದು ಬಿಸಿಗೆ ಮೆತ್ತಗಾಗಿ ಕೀಲಿನಲ್ಲಿ ಬಿಡುತ್ತದೆ. ಬಿಸಿನೀರಿಗೆ ಬೇಕಾದದ್ದು ಬಿಸಿ ತಾಳುವ ಪ್ಲಾಸ್ಟಿಕ್ಕಾದ ಸಿಪಿವಿಸಿ, ಪೈಪಿನ ಮೇಲೆ ಭಾರತೀಯ ಮಾನಕದ ಸಂಖ್ಯೆ ಐಎಸ್ 15778 ಎಂದು ಅಚ್ಚಾಗಿರುತ್ತದೆ, ಯುಪಿವಿಸಿ ಪೈಪಿನ ಮೇಲೆ ಐಎಸ್ 4985 ಎಂದಿರುತ್ತದೆ. ಅಂಟಿನ ಡಬ್ಬಿಗಳೂ ಬೇರೆ ಬೇರೆ, ಒಂದರ ಅಂಟು ಇನ್ನೊಂದಕ್ಕೆ ಆಗದು. ಪೈಪನ್ನು ನೇರವಾಗಿ ಕತ್ತರಿಸಿ, ಒಳ ಹೊರ ಅಂಚಿನ ಜುಂಜು ತೆಗೆದು, ಒಣಗಿದ್ದಾಗ ಒಮ್ಮೆ ಸೇರಿಸಿ ನೋಡಿ, ಅಂಟು ಹಚ್ಚಿ ಕಾಲು ಸುತ್ತು ತಿರುಗಿಸುತ್ತ ಒಳದೂಡಿ, ಅರ್ಧ ನಿಮಿಷ ಕೈಬಿಡದೆ ಹಿಡಿಯಬೇಕು. ಬಿಸಿಯಾದಾಗ ಈ ಪೈಪು ಉದ್ದವಾಗುತ್ತದೆ: ಮೂರು ಮೀಟರಿನ ಪೈಪು 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 8 ಮಿಲಿಮೀಟರ್ ಬೆಳೆಯುತ್ತದೆ. ಎರಡೂ ತುದಿಯಲ್ಲಿ ಬಿಗಿಯಾಗಿ ಸಿಮೆಂಟಿನಲ್ಲಿ ಹೂತರೆ ಆ ಬೆಳವಣಿಗೆ ಎಲ್ಬೋವನ್ನು ದಿನವೂ ತಳ್ಳುತ್ತಲೇ ಇರುತ್ತದೆ, ಆದ್ದರಿಂದ ಕ್ಲ್ಯಾಂಪುಗಳನ್ನು ಪೈಪು ಜಾರುವಷ್ಟು ಸಡಿಲವಾಗಿ ಬಿಟ್ಟು, ತಿರುವುಗಳಲ್ಲಿ ಜಾಗ ಇರಿಸಿದೆವು.

ನಳ, ಗೀಸರ್ ಸೇರುವಲ್ಲೆಲ್ಲ ಹಿತ್ತಾಳೆಯ ಮರೆ (ತಿರುಗಿಸಿ ಬಿಗಿಮಾಡುವ ಸುರುಳಿ ಗೆರೆ) ಇರುವ ಕೂಡುತುಂಡುಗಳನ್ನೇ ಹಾಕಿದೆವು. ಬರೀ ಪ್ಲಾಸ್ಟಿಕ್ ಮರೆಗೆ ಲೋಹದ ಪೈಪಿನ ತುಂಡು ತಿರುಗಿಸಿದರೆ ಇಂದಲ್ಲ ನಾಳೆ ಸೀಳು ಬಿಡುತ್ತದೆ. ಟೆಫ್ಲಾನ್ ಟೇಪನ್ನು ಒಳಗೆ ಹೋಗುವ ಮರೆಯ ಮೇಲೆ, ಅದು ತಿರುಗುವ ದಿಕ್ಕಿನಲ್ಲಿಯೇ ಬಿಗಿಯಾಗಿ ಸುತ್ತಬೇಕು. ರಬ್ಬರ್ ವಾಷರ್ ಇರುವ ಯಂತ್ರದ ಪೈಪಿಗೆ ಟೇಪು ಬೇಡವೇ ಬೇಡ. ಅಲ್ಲಿ ನೀರು ತಡೆಯುವುದು ವಾಷರ್, ಕೈಯಿಂದ ಬಿಗಿಮಾಡಿ ಮೇಲೆ ಕಾಲು ಸುತ್ತು ಸಾಕು. ಪಾನಾ ಹಿಡಿದು ಬಲ ತೋರಿಸಿದರೆ ವಾಷರ್ ಕತ್ತರಿಸಿಹೋಗುತ್ತದೆ.

ಗೀಸರಿನ ತಣ್ಣೀರಿನ ಬಾಯಿಗೆ ಕಂಪನಿಯವರೇ ಕೊಡುವ ಸುರಕ್ಷಾ ಚಾವಿಯನ್ನು ಬಾಣದ ಗುರುತು ನೋಡಿ ಹಾಕಿ, ಅದಕ್ಕೂ ಗೀಸರಿಗೂ ನಡುವೆ ಬೇರೆ ಯಾವ ಚಾವಿಯನ್ನೂ ಇಡಲಿಲ್ಲ. ಗೀಸರ್ ಕಾಯುವಾಗ ಅದರಿಂದ ಹನಿ ಬೀಳುತ್ತದೆ, ಅದನ್ನು ಸೋರಿಕೆಯೆಂದು ತಿಳಿದು ಬಿರಡೆ ಹಾಕುವವರಿದ್ದಾರೆ. ಅದು ಪ್ರಾಣಾಪಾಯದ ಕೆಲಸ. 25 ಡಿಗ್ರಿಯ 15 ಲೀಟರ್ ನೀರು 75 ಡಿಗ್ರಿಗೆ ಏರಿದಾಗ ಸುಮಾರು ಮೂರನೇ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗದಂತೆ ತಡೆ ಇರುವ ಚಾವಿಯಾದರೆ ಆ ಹೆಚ್ಚಿನ ನೀರು ಹೊರಬರಲು ಇರುವ ದಾರಿ ಆ ಸಣ್ಣ ತೂತೊಂದೇ. ಅದಕ್ಕೊಂದು ತೆಳು ಪೈಪು ಹಾಕಿ ಬಚ್ಚಲಿನ ಜಾಲಿಯ ಕಡೆ ಇಳಿಬಿಟ್ಟೆವು. ಕರೆಂಟಿನ ಕೆಲಸವನ್ನು ಬಲ್ಲವರಿಗೇ ಬಿಟ್ಟು, ಕರೆಂಟ್ ಸೋರಿದರೆ ತಾನಾಗಿಯೇ ಬಂದ್ ಮಾಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಗೂ ಸರಿಯಾದ ಅರ್ಥಿಂಗ್ ಇರುವುದನ್ನು ಖಚಿತಪಡಿಸಿಕೊಂಡೆವು. ಬಿಸಿನೀರಿನ ನಳದಿಂದ ಗಾಳಿಯಿಲ್ಲದೆ ನೀರು ಧಾರೆಯಾಗಿ ಬಂದ ಮೇಲೆಯೇ ಗೀಸರಿನ ಸ್ವಿಚ್ ಹಾಕಬೇಕು, ಖಾಲಿ ಗೀಸರಿನಲ್ಲಿ ಕಾಯಿಲ್ ಸುಡುತ್ತದೆ.

ಫಿಲ್ಟರಿನ ಕೆಲಸ ಚಿಕ್ಕದು. ನಳದ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾದಿಗಳ ಪ್ರಮಾಣ) ಅಳೆದಾಗ ಲೀಟರಿಗೆ 200 ಮಿಲಿಗ್ರಾಂ ಒಳಗೇ ಬಂತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 500ರವರೆಗೆ ಒಪ್ಪಿತ. ಹೀಗಿರುವಾಗ ಸೂಕ್ಷ್ಮ ಪರದೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ ಆರ್‌ಓ ಯಂತ್ರ ಕೂಡ್ರಿಸಿ, ಅಪರೂಪಕ್ಕೆ ಬರುವ ಸಿಹಿನೀರಿನಲ್ಲಿ ದೊಡ್ಡ ಪಾಲನ್ನು ಮೋರಿಗೆ ಬಿಡುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ದೀಪದ ಫಿಲ್ಟರನ್ನೇ ಆರಿಸಿ, ಅದಕ್ಕೆ ಪ್ರತ್ಯೇಕ ಆ್ಯಂಗಲ್ ಕಾಕ್ ಕೊಟ್ಟೆವು. ಮೂರೂ ಉಪಕರಣಗಳಿಗೆ ಹೀಗೆ ಬೇರೆ ಬೇರೆ ಚಾವಿಗಳಿವೆ, ಮೂರೂ ಕೈಗೆ ಎಟುಕುವಲ್ಲಿವೆ. ಯಂತ್ರದ ಹಿಂದೆ ಅಡಗಿದ ಚಾವಿ ಇದ್ದೂ ಇಲ್ಲದಂತೆ.

ಪೈಪು ಹೂಳಲು ಗೋಡೆಯಲ್ಲಿ ಕೊರೆದ ಗಾಡಿ ಮುಚ್ಚುವ ಮೊದಲು, ಅಂಟು ಪೂರ್ತಿ ಒಣಗಲು ಒಂದು ದಿನ ಬಿಟ್ಟು, ಬಾಡಿಗೆಗೆ ತಂದ ಕೈಪಂಪಿನಿಂದ ಪೈಪುಗಳಿಗೆ 5 ಬಾರ್ ಒತ್ತಡ ಕೊಟ್ಟು ಬಿಟ್ಟೆವು. ಒಂದು ತಾಸಿನಲ್ಲಿ ಒತ್ತಡ ತೋರಿಸುವ ಮುಳ್ಳು ಸ್ವಲ್ಪ ಇಳಿಯಿತು. ಕಣ್ಣಿಗೆ ಎಲ್ಲಿಯೂ ನೀರು ಕಾಣಲಿಲ್ಲ. ಪ್ರತಿಯೊಂದು ಕೀಲಿಗೂ ವೃತ್ತಪತ್ರಿಕೆಯ ಒಣ ತುಂಡು ಸುತ್ತಿದಾಗ, ಗೀಸರಿನ ಬಿಸಿನೀರಿನ ಕಡೆಯ ಹಿತ್ತಾಳೆ ಕೂಡುತುಂಡಿನ ಕೆಳಗಿನ ಕಾಗದ ಮಾತ್ರ ನಿಧಾನವಾಗಿ ಕಪ್ಪಾಗುತ್ತ ಬಂತು. ಹಿತ್ತಾಳೆ ಮತ್ತು ಪ್ಲಾಸ್ಟಿಕ್ ಸೇರುವ ಗೆರೆಯಲ್ಲಿ ತಯಾರಿಕೆಯ ದೋಷವಿತ್ತು. ಅದನ್ನು ಕತ್ತರಿಸಿ ಬೇರೆಯದನ್ನು ಹಾಕಿ ಮತ್ತೆ ಪರೀಕ್ಷಿಸಿದಾಗ ಮುಳ್ಳು ಕದಲಲಿಲ್ಲ. ಟೈಲ್ಸ್ ಹಚ್ಚಿದ ಮೇಲೆ ಇದು ತಿಳಿದಿದ್ದರೆ ಪಕ್ಕದ ಕೋಣೆಯ ಗೋಡೆಗೆ ಉಪ್ಪು ಏಳುವವರೆಗೆ ಕಾಯಬೇಕಾಗುತ್ತಿತ್ತು.

ಯಂತ್ರ ಜೋಡಿಸುವ ಮೊದಲಿನ ಕೊನೆಯ ಕೆಲಸ ಪೈಪು ತೊಳೆಯುವುದು. ನಳದ ಬಾಯಿಗೆ ಬಿಳಿ ಪಂಚೆಯ ತುಂಡು ಕಟ್ಟಿ ನೀರನ್ನು ಜೋರಾಗಿ ಬಿಟ್ಟಾಗ ಬಟ್ಟೆಯಲ್ಲಿ ಉಳಿದದ್ದು ಪೈಪು ಕತ್ತರಿಸಿದಾಗಿನ ಹಳದಿ ಸಿಬಿರು, ಟೇಪಿನ ಎಳೆಗಳು, ಟಾಕಿಯ ತಳದ ಕೆಂಪು ರಾಡಿ. ಇವೆಲ್ಲ ಯಂತ್ರದ ಬಾಯಿಯಲ್ಲಿರುವ ಸಣ್ಣ ಜಾಲರಿಗೆ ಸೇರಿದರೆ ನೀರು ನಿಲ್ಲುತ್ತದೆ, ಜಾಲರಿ ದಾಟಿ ಚಾವಿಯ ರಬ್ಬರಿನಲ್ಲಿ ಸಿಕ್ಕರೆ ಯಂತ್ರ ಬಂದ್ ಇದ್ದಾಗಲೂ ನೀರು ಒಳಗೆ ಹನಿಯುತ್ತದೆ. ಬಟ್ಟೆ ಸ್ವಚ್ಛವಾಗಿ ಉಳಿಯುವವರೆಗೆ ನೀರು ಬಿಟ್ಟು, ಆ ನೀರನ್ನು ಬಕೆಟ್ಟುಗಳಲ್ಲಿ ಹಿಡಿದು ಹಿತ್ತಲಿನ ಗಿಡಗಳಿಗೆ ಹಾಕಿದೆವು.

ಯಂತ್ರ ಬಂದಾಗ ಸಾಗಾಣಿಕೆಗೆಂದು ಹಿಂಬದಿಗೆ ಹಾಕಿದ್ದ ಬೋಲ್ಟುಗಳನ್ನು ತೆಗೆಸಿ, ಮಟ್ಟ ನೋಡಿ ನಿಲ್ಲಿಸಿ, ಬಟ್ಟೆಯಿಲ್ಲದೆ ಒಮ್ಮೆ ಪೂರ್ತಿ ಓಡಿಸಲಾಯಿತು. ನೀರು ನಿಲ್ಲುವ ಕ್ಷಣದಲ್ಲಿ ಗೋಡೆಯೊಳಗೆ ಟಕ್ಕೆಂದು ಸದ್ದು ಬಂದದ್ದಕ್ಕೆ ಹೊರಗೆ ಕಾಣುವ ಪೈಪಿಗೆ ಇನ್ನೊಂದು ಕ್ಲ್ಯಾಂಪ್ ಹಾಕಿದ ಮೇಲೆ ಸದ್ದು ಅಡಗಿತು. ಗಾಡಿ ಮುಚ್ಚುವ ಮೊದಲೇ ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿದ್ದೆವು. ಅವುಗಳ ಪ್ರತಿಗಳನ್ನು ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿದ್ದೇವೆ, ಮುಂದೆ ಯಾರಾದರೂ ಕನ್ನಡಿಗೋ ಕಪಾಟಿಗೋ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆಯೆಂದು ನೋಡಿಕೊಳ್ಳಬಹುದು. ಟಾಕಿಯ ತಳದ ರಾಡಿ ತೆಗೆಯಲು ಬೇರೆ ಚಾವಿ ಕೂಡ್ರಿಸುವುದು ಇನ್ನೂ ಬಾಕಿ ಇದೆ. ನಳದ ನೀರಿನ ಸರದಿ ಬರುವ ಹಿಂದಿನ ದಿನ ಟಾಕಿ ಖಾಲಿ ಮಾಡಿ ಅದನ್ನು ಮುಗಿಸುವುದೆಂದು ಪ್ಲಂಬರ್ ಹೇಳಿ ಹೋಗಿದ್ದಾರೆ, ಅಲ್ಲಿಯವರೆಗೆ ಯಂತ್ರದ ಬಾಯಿಯ ಜಾಲರಿಯನ್ನು ಆಗಾಗ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುವ ಕೆಲಸವನ್ನು ಭಾವ ವಹಿಸಿಕೊಂಡಿದ್ದಾರೆ.